ಗಂಧದೆಣ್ಣೆಯಲ್ಲಿ ಅದ್ದಿದ ಪರಾಗ

ನನ್ನ ಮಗ ಏಕಾಂತ ಅಸ್ಸಾಮಿನ ಕಡೆ ರೈಲ್ವೆಯಲ್ಲಿದ್ದ. ಐವತ್ತೇಳನೇ ಇಸವಿಯಲ್ಲಿ ರಜೆಗೆ ಹರಿಹರಕ್ಕೆ ಬಂದಾಗ ಖಾಸಿ ಗುಡ್ಡದ ಹೂಜಿ ಗಿಡವೊಂದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ತಂದ. ಎಲೆಯ ತುದಿಯಲ್ಲಿ ಮುಚ್ಚಳವಿರುವ ಪುಟ್ಟ ಹೂಜಿ. ಒಳಗೆ ಬಿದ್ದ ನೊಣ ಮತ್ತೆ ಮೇಲೆ ಬರುವುದಿಲ್ಲ, ಗಿಡಕ್ಕೆ ಅದೇ ಊಟ.

“ನಮ್ಮ ಮನ್ಯಾಗ ಮಾಂಸ ತಿನ್ನೋದು ಇದೊಂದೇ ನೋಡ್ರಿ” ಎಂದು ನನ್ನ ಹೆಂಡತಿ ಹಂಪವ್ವ ನಕ್ಕಿದ್ದಳು.

ದಾವಣಗೆರೆಯಲ್ಲಿ ಅತ್ತರು ಮಾರುವ ನನ್ನ ಹಳೆಯ ಗೆಳೆಯ ಖಾಜಾ ಹುಸೇನ್ ಅವರ ಮನೆಯಲ್ಲಿ ಸಿಂಹಳದಿಂದ ಬಂದ ಬೇರೆ ಜಾತಿಯ ಹೂಜಿ ಗಿಡವಿತ್ತು. “ಅಪ್ಪಾ, ಚಾಚಾನ ಗಿಡಾನೂ ಇದನ್ನೂ ಕೂಡಿಸಿದ್ರೆ ಯಾರೂ ನೋಡದಂಥ ಹೂಜಿ ಬರ್ತೈತೆ” ಎಂದ ಏಕಾಂತ. ಆ ರಜೆ ಮುಗಿಯುವ ಮೊದಲೇ ಜ್ವರ ಬಂದು ತೀರಿಕೊಂಡ. ಅವನನ್ನು ಮಣ್ಣಿಗಿಡುವ ದಿನ ಖಾಜಾ ಸಾಹೇಬರು ಗಂಧದೆಣ್ಣೆ ತಂದು, ಅಳುತ್ತ, ಅವನ ಕೈಗಳಿಗೆ ಹಚ್ಚಿದರು.

ಆಮೇಲೆ ನನಗೆ ಉಳಿದದ್ದು ಆ ಮಾತು ಮತ್ತು ಆ ಗಿಡ. ಬಾವಿಯ ಉಪ್ಪುನೀರು ಹಾಕಿದರೆ ಎಲೆ ಸುಡುತ್ತದೆಂದು ಮಳೆನೀರನ್ನು ಹಂಡೆಯಲ್ಲಿ ಹಿಡಿದಿಟ್ಟೆ. ಬೇಸಿಗೆಯಲ್ಲಿ ಸುತ್ತ ಒದ್ದೆ ಗೋಣಿ ಕಟ್ಟಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದರೆ ಮೊದಲು ನೋಡುವುದು ಅದನ್ನೇ. ಈ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೂ ಬಿಟ್ಟ ಮೇಲೆ ನಮ್ಮದು ಹೆಣ್ಣೆಂದೂ ಅವರದು ಗಂಡೆಂದೂ ತಿಳಿಯಿತು. ಆದರೆ ನಮ್ಮದು ಅರಳಿದಾಗ ಅವರದು ಸುಮ್ಮನಿರುವುದು, ಅವರದು ಅರಳಿದಾಗ ನಮ್ಮದು ಬಾಡಿರುವುದು. ಈ ಒಂದು ವಿಷಯದಲ್ಲಿ ನನಗೂ ಶಿವನಿಗೂ ಮನಸ್ತಾಪವೇ ಆಗಿತ್ತು.

ಕೊನೆಗೊಂದು ವರ್ಷ ಎರಡೂ ಒಟ್ಟಿಗೆ ಮೊಗ್ಗಾದವು. “ನಿಮ್ಮದು ಅರಳಿದ ಕೂಡಲೇ ಪರಾಗ ಕೆಡದ ಹಾಗೆ ತೆಗೆದಿಡ್ರಿ” ಎಂದು ಸಾಹೇಬರಿಗೆ ಹೇಳಿ ಬಂದೆ. ನಮ್ಮದು ಅರಳಿದ ಮರುದಿನವೇ ರೈಲು ಹತ್ತಿ ಅವರ ಅಂಗಡಿಗೆ ಹೋದೆ.

“ಬರ್ರಿ ಹಾಲೇಶಪ್ಪ, ಕೂಡ್ರಿ. ಬೀಗರು ಬಂದಂಗಾತು” ಎಂದು ನಗುತ್ತ ಒಂದು ಪುಟ್ಟ ಸೀಸೆಯನ್ನು ರೇಷ್ಮೆ ಬಟ್ಟೆಯಿಂದ ಬಿಚ್ಚಿ ಕೊಟ್ಟರು.

ಬಿರಡೆ ತೆಗೆದೆ. ಏಕಾಂತನ ಕೈಗಳಿಗೆ ಹಚ್ಚಿದ್ದ ಅದೇ ವಾಸನೆ. ಒಳಗೆ ಎಣ್ಣೆಯಲ್ಲಿ ನೆನೆದ ಹತ್ತಿ, ಹತ್ತಿಯ ತುಂಬ ಹಳದಿ ಪರಾಗ.

“ಇದೇನ್ರಿ, ಎಣ್ಣೆ ಹಾಕೀರಿ?”

“ಗಂಧದೆಣ್ಣೆರೀ! ನಮ್ಮ ಕಸುಬಿನಾಗ ಹೂವಿನ ಜೀವ ನಿಲ್ಲೋದೇ ಇದ್ರಾಗ. ಮಲ್ಲಿಗೆ ಆಗ್ಲಿ, ಕೇದಿಗೆ ಆಗ್ಲಿ. ಹುಡುಗನ ಗಿಡ ಅಂತ ಇರೋದ್ರಾಗೆ ಒಳ್ಳೇದು ಹಾಕೀನಿ.”

“ಅದು ವಾಸನೆಗೆ ಆತು ಸಾಹೇಬ್ರೇ. ಪರಾಗ ಒಣಗಿರಬೇಕು. ಎಣ್ಣೆ ಬಿದ್ರೆ ಸತ್ತಂಗೇ. ಗಿಡದಾಗೆ ಇನ್ನೂ ಹೂ ಅದಾವೋ?”

ಅವರ ಮುಖ ಇಳಿಯಿತು. “ಬಿಸಿಲು ಏರೋ ಮುಂಚೆ ಪೂರ್ತಿ ಗೊಂಚಲು ಕಿತ್ತುಬಿಟ್ಟೆ. ನಮ್ಮಾಗ ಹಂಗೇ ಕೀಳೋದು.”

“ಒಂದು ಹೂನೂ ಬಿಡಲಿಲ್ವಾ?” ಎಂದು ಅಂಗಡಿಯಲ್ಲೇ ಕೂಗಿಬಿಟ್ಟೆ. ಗಿರಾಕಿಗಳು ತಿರುಗಿ ನೋಡಿದರು. ಸೀಸೆಯನ್ನು ಜೇಬಿಗೆ ಹಾಕಿಕೊಂಡು, ಬರುತ್ತೇನೆಂದೂ ಹೇಳದೆ ಎದ್ದು ಬಂದೆ.

ಕಾಯಿ ಕಟ್ಟುವುದಿಲ್ಲವೆಂದು ಗೊತ್ತಿದ್ದರೂ ಆ ಹತ್ತಿಯನ್ನು ಒಂದೊಂದು ಹೂವಿಗೂ ಮುಟ್ಟಿಸಿದೆ. ಹೂಗಳು ಕಪ್ಪಾಗಿ ಉದುರಿದವು. ಗಿಡವಿದ್ದ ಪಡಸಾಲೆಯಲ್ಲಿ ಮಾತ್ರ ಗಂಧದ ವಾಸನೆ ಹೋಗಲಿಲ್ಲ. ಹಂಪವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ಅವಳಿಗೂ ಆ ದಿನದ ನೆನಪಾಗಿತ್ತು.

ಮುಂದಿನ ಸೋಮವಾರ ಖಾಜಾ ಸಾಹೇಬರು ಜಟಕಾದಿಂದ ಇಳಿದರು. ತಮ್ಮ ಗಿಡವನ್ನು ಕುಂಡದ ಸಮೇತ ಎದೆಗವಚಿಕೊಂಡಿದ್ದರು. ಅಂಗಿಯ ತುಂಬ ಮಣ್ಣು.

“ತಗೊಳ್ಳಿ ತಂಗೀ” ಎಂದರು ಹಂಪವ್ವನಿಗೆ. “ಈ ಗಂಡು ಗಿಡಾನ ಮನೆ ಅಳಿಯನ್ನ ಮಾಡಿಕೊಳ್ರಿ. ನನ್ನ ಕೈಯಾಗ ಇನ್ನು ಬ್ಯಾಡ.”

ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕುಂಡದ ಒಂದು ಬದಿ ಹಿಡಿದೆ.

ಈಗ ಎರಡೂ ಪಕ್ಕಪಕ್ಕ ಇವೆ. ಈ ಮಳೆಗಾಲ ಅಳಿಯನಿಗೆ ಗೊಂಚಲು ಬಂದಿದೆ. ಮಗನ ಗಿಡ ಬರೀ ಎಲೆ ಬಿಡುತ್ತಿದೆ. “ಶಿವನೇ, ಇನ್ನೆಷ್ಟು ಕಾಯಿಸುತ್ತೀಯ?” ಎಂದು ಇವತ್ತೂ ಗೊಣಗಿದೆ. ಪರಾಗವನ್ನು ಒಣ ಕಾಗದಕ್ಕೆ ಉದುರಿಸಿ, ಮಡಚಿ, ಪೂಜೆಯ ಗೂಡಿನಲ್ಲಿಟ್ಟೆ. ಮಗನ ಗಿಡ ಅರಳುವವರೆಗೆ ಅದು ಉಳಿಯುವುದಿಲ್ಲ. ಆದರೂ ಇಟ್ಟೆ.