ಗಾರ್ಡ್ ತೆಗೆದವರು ಯಾರು

ನನ್ನ ಗಂಡ ಚನ್ನೇಶ್ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್. ಕೈ ಸಿಕ್ಕದಂತೆ ತಡೆಯುವ ಗಾರ್ಡ್ ಇಲ್ಲದ ಮೆಷಿನ್ ಓಡಿಸಿದವನನ್ನು ಅವತ್ತೇ ಗೇಟಿನಿಂದ ಆಚೆ ಕಳಿಸುವುದು ಅವರ ಕೆಲಸ. ರಿಪೇರಿಗೆ ನಿಲ್ಲಿಸಿದ ಮೆಷಿನ್ನಿಗೆ ಅವರು ಕೆಂಪು ಬೀಗ ಹಾಕಿಸಿ, ಹಾಕಿದವನ ಹೆಸರು, ಕಾರಣ ಬರೆಸಿದ ಚೀಟಿ ತೂಗಿಸುತ್ತಾರೆ. ಹಾಕಿದವನೇ ತೆಗೆಯಬೇಕು, ಮಾಲೀಕನೇ ಬಂದರೂ ಬೇರೆಯವರು ಮುಟ್ಟುವ ಹಾಗಿಲ್ಲ. ಒಮ್ಮೆ ಪ್ರೆಸ್ ಮೆಷಿನ್ನಿನಲ್ಲಿ ಒಬ್ಬನ ಎರಡು ಬೆರಳು ಹೋದ ದಿನ ಮನೆಗೆ ಬಂದು ಊಟ ಮಾಡದೆ ಕೂತಿದ್ದರು. ಆಕ್ಸಿಡೆಂಟ್ ಅನ್ನುವುದೇ ಇಲ್ಲ, ಗಾರ್ಡ್ ತೆಗೆದವನು ಅಂತ ಒಬ್ಬ ಇರುತ್ತಾನೆ ಅಷ್ಟೇ ಎಂದಿದ್ದರು. ಆ ಮಾತಿಗೆ ನಾನು ಅವರನ್ನು ಮೆಚ್ಚಿಕೊಂಡಿದ್ದೆ.

ಆಯುಧ ಪೂಜೆಯ ದಿನ ಅದೇ ಮನುಷ್ಯ ನನ್ನ ಅಕ್ವೇರಿಯಮ್ಮಿನ ಗಾರ್ಡ್ ತೆಗೆದರು.

ನನ್ನದು ಉಪ್ಪುನೀರಿನ ಅಕ್ವೇರಿಯಂ. ತುಮಕೂರಿನ ಬಾಡಿಗೆ ಮನೆಯ ಹಾಲಿನಲ್ಲಿ, ಸಮುದ್ರದಿಂದ ಇಷ್ಟು ದೂರದಲ್ಲಿ, ಎರಡು ವರ್ಷದಿಂದ ಒಂದು ಮಾರುದ್ದದ ಸಮುದ್ರವನ್ನು ನಾನೇ ಬದುಕಿಸಿಕೊಂಡಿದ್ದೆ. ನಾನು ಲ್ಯಾಬ್ ಟೆಕ್ನಿಷಿಯನ್. ಬೇರೆಯವರ ರಕ್ತ ಅಳೆಯುವ ಮೊದಲು ಬೆಳಿಗ್ಗೆ ಎದ್ದು ಆ ನೀರಿನ ಉಪ್ಪು ಅಳೆಯುತ್ತಿದ್ದೆ. ಮೊದಲ ಎಂಟು ತಿಂಗಳು ಬರೀ ಕಲ್ಲು ಮತ್ತು ನೀರು. ಹೊಸ ನೀರಿನಲ್ಲಿ ಅನಿಮೋನ್ ಎಂಬ ಕಡಲಜೀವಿ ಉಳಿಯುವುದಿಲ್ಲ, ಕಾಯಬೇಕು. ಕಾದೆ. ಆಮೇಲೆ ಡಿಗ್ರಿಯಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ ಅರುಣಾ ಮೇಡಂ ಕುಣಿಗಲ್ಲಿನ ತಮ್ಮ ಮನೆಯ ಅನಿಮೋನ್ ಎರಡಾಗಿ ಸೀಳಿಕೊಂಡಾಗ ಒಂದನ್ನು ನನಗೆ ಕೊಟ್ಟರು. ಹೂವಿನ ಹಾಗೆ ಕಾಣುತ್ತದೆ, ಆದರೆ ಪ್ರಾಣಿ. ಬಾಯಿದೆ, ಹಸಿವಿದೆ, ಕುಟುಕುವ ಬೆರಳುಗಳಿವೆ. ಆ ಬೆರಳುಗಳ ನಡುವೆ ಎರಡು ಕ್ಲೌನ್ ಮೀನು ಮಲಗುತ್ತಿದ್ದವು. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಮನೆಯ ಯಜಮಾನಿಕೆ ಹೆಣ್ಣಿನದು.

ಅನಿಮೋನಿಗೆ ವಾರಕ್ಕೊಮ್ಮೆ ಸಿಗಡಿಯ ಚೂರು ಕೊಡುತ್ತಿದ್ದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಫ್ರಿಜ್ಜಿನಲ್ಲಿ ಸಿಗಡಿ ಇಡುವ ಹಾಗಿಲ್ಲ. ಲ್ಯಾಬಿನಲ್ಲಿ ನಾವು ಊಟದ ಡಬ್ಬಿ ಇಡುವ ಫ್ರಿಜ್ಜಿನಲ್ಲಿ ಇಟ್ಟು, ಕರವಸ್ತ್ರದಲ್ಲಿ ಸುತ್ತಿ ಕಳ್ಳಿಯ ಹಾಗೆ ತರುತ್ತಿದ್ದೆ. ಇದನ್ನೆಲ್ಲ ಹೇಳುತ್ತಿರುವುದು ಕನಿಕರಕ್ಕಲ್ಲ. ಅದು ಎಷ್ಟು ಕೆಲಸ ಎಂದು ತಿಳಿಯಲಿ ಅಂತ.

ಅನಿಮೋನಿಗೆ ಬೇಸರವಾದರೆ ಜಾಗ ಬಿಟ್ಟು ನಡೆಯುತ್ತದೆ. ಬೆಳಕು ಹೋದರೆ, ನೀರಿನ ಓಟ ನಿಂತರೆ, ಪಾದ ಎತ್ತಿ ಹೊರಡುತ್ತದೆ. ಅಕ್ವೇರಿಯಮ್ಮಿನೊಳಗೆ ಅಲೆ ಎಬ್ಬಿಸುವ ಒಂದು ಸಣ್ಣ ಫ್ಯಾನ್ ಇರುತ್ತದೆ, ವೇವ್ ಮೇಕರ್. ಅದಕ್ಕೆ ಸ್ಪಂಜಿನ ಗಾರ್ಡ್ ತೊಡಿಸಿರಲೇಬೇಕು. ಇಲ್ಲದಿದ್ದರೆ ನಡೆಯುತ್ತ ಬಂದ ಅನಿಮೋನ್ ಅದರ ರೆಕ್ಕೆಗೆ ಸಿಕ್ಕಿ ಚೂರಾಗುತ್ತದೆ. ಅನಿಮೋನಿನ ವಿಷ ನೀರಿಗೆ ಸೇರಿ ಮೀನುಗಳೂ ಸಾಯುತ್ತವೆ. ಚನ್ನೇಶ್‌ಗೆ ಇದನ್ನು ಮೂರು ಸಲ ಹೇಳಿದ್ದೆ. ಪ್ರೆಸ್ಸಿಗೆ ಹೇಗೋ ಹಾಗೆ ಎಂದೂ ಹೇಳಿದ್ದೆ. ಮೊಬೈಲಿನಿಂದ ತಲೆ ಎತ್ತದೆ ಹೂಂ ಎಂದಿದ್ದರು.

ಹಬ್ಬದ ದಿನ ಬೆಳಿಗ್ಗೆ ಅವರು ಮನೆಯ ಯಂತ್ರಗಳನ್ನೆಲ್ಲ ನಿಲ್ಲಿಸಿ ತೊಳೆದರು. ಮಿಕ್ಸಿ, ಸ್ಕೂಟರ್, ಹೊಸ ಕಾರು. ನಾನು ಅಡುಗೆಮನೆಯಲ್ಲಿ ಹದಿನೈದು ಜನಕ್ಕೆ ಒಬ್ಬಟ್ಟು ತಟ್ಟುತ್ತಿದ್ದೆ. ಹಾಗಲವಾಡಿಯಿಂದ ಮಾವ ಕರಿಸಿದ್ದಪ್ಪ ಬಂದಿದ್ದರು, ಕಾರ್ಖಾನೆಯಿಂದ ಚನ್ನೇಶ್‌ನ ಗೆಳೆಯರು ಬಂದಿದ್ದರು. ಹಾಲಿಗೆ ಕಾಲಿಡಲು ನನಗೆ ಸಂಜೆ ಐದಾಯಿತು.

ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿತ್ತು. ಕೊಳೆತ ವಾಸನೆ. ವೇವ್ ಮೇಕರ್ ತಿರುಗುತ್ತಲೇ ಇತ್ತು, ಅದರ ರೆಕ್ಕೆಗೆ ಕಂದು ಚಿಂದಿ ಸುತ್ತಿಕೊಂಡಿತ್ತು. ಗಾಜಿನ ಹೊರಗೆ ಅದನ್ನು ಹಿಡಿದಿರುವ ಮ್ಯಾಗ್ನೆಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ. ಮೀನುಗಳೆರಡೂ ನೀರಿನ ಮೇಲ್ಗಡೆ ಬಾಯಿ ತೆರೆದು ನಿಂತಿದ್ದವು.

ವೈರ್ ಕಿತ್ತೆ. ಎಲ್ಲರ ಎದುರಿಗೇ ಕೇಳಿದೆ.

"ಗಾರ್ಡ್ ತೆಗೆದವರು ಯಾರು?"

"ಸ್ಪಂಜಾ? ಕಪ್ಪಗಾಗಿತ್ತು ಕಣೇ," ಎಂದರು ಚನ್ನೇಶ್. "ಸೋಪ್ ಹಾಕಿ ತೊಳ್ದು ಬಿಸ್ಲಿಗಿಟ್ಟಿದೀನಿ. ಗಲೀಜಿನ್ ಮೇಲೆ ವಿಭೂತಿ ಹಚ್ಚಕ್ಕಾಗುತ್ತಾ?"

ಬೆಳಿಗ್ಗೆಯಿಂದ ಮಧ್ಯಾಹ್ನ ಎರಡು ಗಂಟೆಯವರೆಗೆ ಲೈಟು, ಪಂಪು ಎಲ್ಲ ಆಫ್ ಮಾಡಿದ್ದರಂತೆ. ಯಂತ್ರಕ್ಕೂ ಒಂದು ದಿನ ರೆಸ್ಟ್ ಬೇಡವೇ ಅಂತ. ಕತ್ತಲಲ್ಲಿ, ನಿಂತ ನೀರಿನಲ್ಲಿ ಅನಿಮೋನ್ ಜಾಗ ಬಿಟ್ಟು ಹೊರಟಿದೆ. ಮಂಗಳಾರತಿ ಮುಗಿಸಿ ಇವರು ಗಾರ್ಡ್ ಇಲ್ಲದೆಯೇ ವೇವ್ ಮೇಕರ್ ಹಾಕಿದ್ದಾರೆ.

ಅವರ ಗೆಳೆಯ ಜಯಪ್ರಕಾಶ್ ಎಲೆಅಡಿಕೆ ಜಗಿಯುತ್ತ, "ಬಿಡಿ ಮೇಡಂ, ಹೂವ್ ತಾನೆ, ಬೆಂಗ್ಳೂರಿಂದ ಇನ್ನೊಂದ್ ತರ್ಸೋಣ," ಎಂದ. "ಬಾಡಿದ್ ಹೂವಿಗೆ ಯಾರಾದ್ರೂ ಅಳ್ತಾರಾ?"

ಎಲ್ಲರೂ ನಕ್ಕರು. ಚನ್ನೇಶ್ ಕೂಡ. ನಾನು ಅಳುತ್ತಿರಲಿಲ್ಲ.

ಸತ್ತದ್ದು ಸತ್ತಿತ್ತು. ಮೀನುಗಳನ್ನಾದರೂ ಉಳಿಸಬೇಕಿತ್ತು. ಇಂಥ ಹೊತ್ತಿಗೆಂದೇ ಅಳತೆಯ ಉಪ್ಪು ಬೆರೆಸಿದ ನೂರು ಲೀಟರ್ ಶುದ್ಧ ನೀರು ಯುಟಿಲಿಟಿಯ ಡ್ರಮ್ಮಿನಲ್ಲಿ ಸದಾ ಇರುತ್ತಿತ್ತು. ಮುಚ್ಚಳ ತೆಗೆದೆ. ತಳದಲ್ಲಿ ಒಂದು ಬಕೆಟ್ಟಿನಷ್ಟು ಉಳಿದಿತ್ತು. ಬೋರ್ ನೀರಿನಲ್ಲಿ ತೊಳೆದರೆ ಕಾರಿನ ಮೇಲೆ ಬಿಳಿ ಕಲೆ ನಿಲ್ಲುತ್ತದೆಂದು ಚನ್ನೇಶ್ ಆ ನೀರನ್ನು ಬರೀ ಫಿಲ್ಟರ್ ನೀರೆಂದುಕೊಂಡು ಕಾರಿಗೆ ಸುರಿದಿದ್ದರು. ಉಪ್ಪುನೀರನ್ನು. ಅವರಿಗೆ ಹೇಳಲಿಲ್ಲ. ನನಗೆ ವ್ಯವಧಾನವಿರಲಿಲ್ಲ, ಹೇಳುವ ಮನಸ್ಸೂ ಇರಲಿಲ್ಲ.

ಉಳಿದ ನೀರಿಗೆ ಮೀನುಗಳನ್ನು ಹಿಡಿದು ಹಾಕಿ, ಬ್ಯಾಟರಿಯ ಗಾಳಿ ಪಂಪು ಇಳಿಬಿಟ್ಟು, ಅರುಣಾ ಮೇಡಂಗೆ ಫೋನ್ ಮಾಡಿದೆ. ತಕ್ಷಣ ಬಾ ಎಂದರು. ಬಕೆಟ್ ಎತ್ತಿಕೊಂಡು ಕಾರಿನ ಕೀ ತೆಗೆದೆ.

ಕಾರಿನ ಪೂಜೆ ಇನ್ನೂ ಆಗಿರಲಿಲ್ಲ. ಬಾಗಿಲಿಗೆ ಬಾಳೆಕಂದು ಕಟ್ಟಿತ್ತು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಕಾಯುತ್ತಿದ್ದವು. ಚನ್ನೇಶ್ ಅಡ್ಡ ನಿಂತರು.

"ಕುಂಬಳಕಾಯಿ ಒಡ್ದಿಲ್ಲ ಉಮಾ. ಸೀಟ್ ಮೇಲೆ ನೀರ್ ಚೆಲ್ಲುತ್ತೆ. ಎರಡ್ ಮೀನಿಗೋಸ್ಕರ ಕುಣಿಗಲ್‌ಗೆ ಹೋಗ್ತಾರಾ?"

ಮಾವ ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಎಮ್ಮೆ ಈಯುವಾಗ ನೋಡುವ ಹಾಗೆ, ಬಹಳ ಹೊತ್ತು. ಆಮೇಲೆ ಮಗನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಉಸ್ರಿರೋವು ಕಣ್ಲಾ. ದಾರಿ ಬುಡು."

ನಾಲ್ಕು ನಿಂಬೆಹಣ್ಣುಗಳ ಮೇಲೂ ನಾನೇ ಕಾರು ಹತ್ತಿಸಿದೆ.

ಹೆಬ್ಬೂರು ದಾಟುವವರೆಗೆ ಎರಡೂ ಈಜುತ್ತಿದ್ದವು. ರಸ್ತೆಯುದ್ದಕ್ಕೂ ಹಾರ ಹಾಕಿಕೊಂಡ ಟ್ರ್ಯಾಕ್ಟರುಗಳು, ಬಸ್ಸುಗಳು, ವೆಲ್ಡಿಂಗ್ ಶಾಪುಗಳು. ಬಾಯಿಲ್ಲದ ಕಬ್ಬಿಣಕ್ಕೆಲ್ಲ ಅವತ್ತು ಮರ್ಯಾದೆ. ಮುಂದಿನ ಗಾಜಿನ ಮೇಲೆ ಉಪ್ಪು ಒಣಗಿ ಗೆರೆಗಳಾಗಿದ್ದವು. ವೈಪರ್ ಹಾಕಲಿಲ್ಲ. ಪ್ರತಿ ರೋಡ್ ಹಂಪ್‌ಗೂ ಸೀಟಿನ ಮೇಲೆ ನೀರು ಚೆಲ್ಲಿತು, ಚೆಲ್ಲಲಿ ಎಂದುಕೊಂಡೆ. ಚನ್ನೇಶ್ ಆರು ಸಲ ಫೋನ್ ಮಾಡಿದರು. ಎತ್ತಲಿಲ್ಲ.

ಅರುಣಾ ಮೇಡಂ ಗೇಟಿನಲ್ಲೇ ನಿಂತಿದ್ದರು. ಬಕೆಟ್ಟಿನಲ್ಲಿ ಚಿಕ್ಕದು ಪಕ್ಕಕ್ಕೆ ವಾಲಿ ತೇಲುತ್ತಿತ್ತು. ದೊಡ್ಡದರ ನೀರಿಗೆ ಅವರು ತಮ್ಮ ನೀರನ್ನು ಲೋಟಲೋಟವಾಗಿ ಬೆರೆಸಿ, ಮುಕ್ಕಾಲು ಗಂಟೆಯ ಮೇಲೆ ಅದನ್ನು ತಮ್ಮ ಅಕ್ವೇರಿಯಮ್ಮಿಗೆ ಬಿಟ್ಟರು. ಅದು ಮೂಲೆಯಲ್ಲಿ ನಿಂತಿತು. ಆಮೇಲೆ ಅಲ್ಲಿದ್ದ ಅನಿಮೋನಿನ ಹತ್ತಿರ ಹೋಗಿ, ಒಂದು ಬೆರಳನ್ನು ಮುಟ್ಟಿ ಹಿಂದೆ ಸರಿದು, ಮತ್ತೆ ಮುಟ್ಟಿತು. ಅದು ನನ್ನ ಅನಿಮೋನಿನ ಇನ್ನೊಂದು ಅರ್ಧ.

"ನಿಂಗೂ ಇನ್ನೊಂದ್ ಕೊಡ್ತೀನಿ, ಇದು ಸೀಳ್ಕೊಂಡಾಗ," ಎಂದರು ಮೇಡಂ.

ಈಗ ಬೇಡ ಎಂದೆ. ಆ ರಾತ್ರಿ ಅಲ್ಲೇ ಉಳಿದೆ.

ವಿಜಯದಶಮಿಯ ಬೆಳಿಗ್ಗೆ ಮನೆಗೆ ಬಂದಾಗ ಚನ್ನೇಶ್ ಸ್ಪಂಜಿನ ಗಾರ್ಡನ್ನು ತಂದು ವೇವ್ ಮೇಕರಿಗೆ ತೊಡಿಸಿದ್ದರು. ಮೀನಿಗೆ ವಿಷವಾಗುವ ಸೋಪಿನ ಪರಿಮಳ ಬರುತ್ತಿತ್ತು. ಸರಿಮಾಡಿದ್ದೀನಿ ನೋಡು ಎಂದರು. ಆಕ್ಸಿಡೆಂಟ್ ಆಗಿಹೋಯಿತು, ಎಷ್ಟು ದಿನ ಮುಖ ಗಂಟಿಕ್ಕಿಕೊಂಡಿರುತ್ತೀಯಾ ಎಂದರು.

ಗಾರ್ಡನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಅವರ ಕಾರ್ಖಾನೆಯ ಬ್ಯಾಗ್ ತೆರೆದು ಕೆಂಪು ಬೀಗ ಮತ್ತು ಅದರ ಚೀಟಿ ತೆಗೆದೆ. ಅಕ್ವೇರಿಯಮ್ಮಿನ ಸ್ವಿಚ್ಚು, ಫಿಲ್ಟರು ಎಲ್ಲ ಇರುವ ಕೆಳಗಿನ ಕಪಾಟು ಮುಚ್ಚಿ ಬೀಗ ಹಾಕಿದೆ. ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ಉಮಾಮಹೇಶ್ವರಿ ಎಂದು ಬರೆದೆ. ಕಾರಣದ ಜಾಗ ಖಾಲಿ ಬಿಟ್ಟು ಪೆನ್ನನ್ನು ಅವರ ಕೈಗೆ ಕೊಟ್ಟೆ.

"ದಿನಾ ಬರೆಸ್ತೀರಲ್ಲ. ಬರೀರಿ."

ಅವರು ಅಪ್ಪನ ಕಡೆ ನೋಡಿದರು. ಮಾವ ಕಿಟಕಿಯಾಚೆ ನೋಡುತ್ತಿದ್ದರು. ಚನ್ನೇಶ್ ಬಗ್ಗಿ, ಗಾರ್ಡ್ ಇಲ್ಲದೆ ಚಾಲೂ ಮಾಡಿದ್ದು ಎಂದು ಬರೆದರು.

"ತೆಗೆದವರು ಯಾರು ಅಂತಾನೂ ಬರೀರಿ," ಎಂದೆ.

ಬರೆದರು. ಕೀಯನ್ನು ನನ್ನ ಪರ್ಸಿಗೆ ಹಾಕಿಕೊಂಡು ಲ್ಯಾಬಿಗೆ ಹೊರಟೆ.