ಹಳದಿ ಕಾರಿನ ಆಯಿಲ್

"ಇದು ಅವನ ಗಾಡಿ ಅಲ್ಲ," ಎಂದು ಸೀತಾಲಕ್ಷ್ಮಿ ತಟ್ಟೆಯನ್ನು ದೂರ ಸರಿಸಿದರು. ಅವಲಕ್ಕಿಯ ಮೇಲಿನ ಕಾಯಿತುರಿ ಹಾಕಿದ ಹಾಗೇ ಇತ್ತು.

ಶ್ರೀಗೌರಿ ಹಿತ್ತಿಲ ಶೆಡ್ಡಿನಿಂದ ಆಗಷ್ಟೇ ಒಳಗೆ ಬಂದಿದ್ದಳು. "ಅವನದೇ ಅಮ್ಮ. ಈಗ ತಾನೆ ಹೋದ. ನೀನು ತಿನ್ನು."

"ಸುಳ್ಳು ಹೇಳ್ಬೇಡ ಮಾರಾಯ್ತಿ. ಅವನ ಗಾಡಿ ಹಿಂಗೆ ಕೆಮ್ಮಲ್ಲ. ಅದ್ಯಾರದೋ ಡಬ್ಬಾ ಗಾಡಿ. ಅವನು ಹೊರಡ್ಲಿ, ಆಮೇಲೆ ತಿಂತೀನಿ."

ಅವನು ಹೊರಡುವುದು ಸಾಧ್ಯವಿರಲಿಲ್ಲ. ಶ್ರೀಗೌರಿಯ ತಮ್ಮ ಸುಘೋಷ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಕಾಮಾಲೆ ಎಂದು ಮಣಿಪಾಲಕ್ಕೆ ಹೋದವನು ಶಿವಮೊಗ್ಗಕ್ಕೆ ಮರಳಿದ್ದು ಆಂಬುಲೆನ್ಸಿನಲ್ಲಿ. ಅಮ್ಮನ ನೆನಪು ಆ ಹೊತ್ತಿಗಾಗಲೇ ಸವೆಯತೊಡಗಿತ್ತು. ಹದಿಮೂರು ದಿನವೂ ಅತ್ತರು. ತಿಂಗಳು ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ, "ಸುಘೋಷ ಎದ್ನಾ?" ಎಂದರು. ಅವನಿಲ್ಲ ಎಂದು ಹೇಳಿದಾಗಲೆಲ್ಲ ಅದು ಅವರಿಗೆ ಹೊಸ ಸುದ್ದಿ, ಮೊದಲ ದಿನದ್ದೇ ಅಳು. ಹೀಗೆ ತಮ್ಮನನ್ನು ಎಷ್ಟೋ ಸಲ ಸಾಯಿಸಿದ ಮೇಲೆ ಶ್ರೀಗೌರಿ ಹೇಳುವುದನ್ನೇ ಬಿಟ್ಟಳು.

ಭದ್ರಾವತಿಯಲ್ಲಿ ಕಂಟ್ರಾಕ್ಟ್ ಕೆಲಸ ಹಿಡಿದಿದ್ದ ಸುಘೋಷ, ಎಲ್ಲರೂ ಮದುವೆಯಾಗುವ ವಯಸ್ಸಿನಲ್ಲಿ ಕೊಚ್ಚಿಯಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದಿದ್ದ. ಹಳದಿ ಬಣ್ಣ, ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು. ರವೀಂದ್ರನಗರದ ಪ್ರತಿ ರೋಡ್ ಹಂಪಿನ ಮೇಲೂ ಅದನ್ನು ಓರೆಯಾಗಿ, ಬಸುರಿಯನ್ನು ನಡೆಸುವ ಹಾಗೆ ಹತ್ತಿಸಿ ಇಳಿಸುತ್ತಿದ್ದ. ಸಂಸ್ಕೃತದ ಮೇಷ್ಟರಾಗಿದ್ದ ಅಪ್ಪ ಮಗನಿಗೆ ಶಂಖವೊಂದರ ಹೆಸರಿಟ್ಟಿದ್ದರು. ಅದನ್ನು ಕಾರು ಸಾರ್ಥಕ ಮಾಡಿತು ಎಂದು ಬೀದಿಯವರು ನಗುತ್ತಿದ್ದರು. ಎಂಜಿನ್ನಿನ ಆ ಗುಡುಗು ಬೀದಿಯ ಕೊನೆ ಮುಟ್ಟುವವರೆಗೆ ಅಮ್ಮ ತಿಂಡಿ ಮುಟ್ಟುತ್ತಿರಲಿಲ್ಲ. ಮಗ ಹೊರಡದೆ ತಾಯಿ ತಿನ್ನುವುದುಂಟೇ ಎಂಬುದು ಅವರ ವಾದ.

ಅವನು ತೀರಿಕೊಂಡ ವರ್ಷ ಅಮ್ಮ ಊಟ ಬಿಟ್ಟು ಕಡ್ಡಿಯಾದರು. ಕಾರು ಮಾರುವ ಮಾತು ನಡೆದು, ನೋಡಲು ಬಂದವರ ಮುಂದೆ ಶ್ರೀಗೌರಿ ಅದನ್ನು ಸ್ಟಾರ್ಟ್ ಮಾಡಿ ನಿಲ್ಲಿಸಿದಳು. ಆಗ ಒಳಗಿನಿಂದ ಅಮ್ಮನ ದನಿ ಬಂತು: "ಹೋದ್ನಾ? ನಂಗೆ ತಿಂಡಿ ಕೊಡು." ಕಾರು ಮಾರಾಟಕ್ಕಿಲ್ಲ ಎಂದು ಬಂದವರನ್ನು ಅಲ್ಲಿಂದಲೇ ಕಳಿಸಿದಳು. ಅಂದಿನಿಂದ ದಿನವೂ ತಾನು ಪಾಠ ಮಾಡುವ ಶಾಲೆಗೆ ಹೊರಡುವ ಮೊದಲು ಶೆಡ್ಡಿಗೆ ಹೋಗಿ, ಸೀಟಿನ ಅಂಚಿನಲ್ಲಿ ಕೂತು, ಒಂದೆರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದು ಅವಳ ವ್ರತವಾಯಿತು. ಮಂಡಿನೋವಿನ ಅಮ್ಮ ಹಿತ್ತಿಲ ಕಡೆ ಬರುತ್ತಿರಲಿಲ್ಲ. ಸದ್ದು ನಿಂತರೆ ಮಗ ದೂರ ಹೋದ ಎಂದೇ ಅವರ ಲೆಕ್ಕ. ಬಡಿಸುವವಳು, ಬಟ್ಟೆ ಬದಲಿಸುವವಳು, ಮೈ ಉಜ್ಜುವವಳು ಮಗಳು. ಅಮ್ಮನಿಗೆ ಹಸಿವಾಗುವುದು ಮಾತ್ರ ಮಗನ ಗಾಡಿಯ ಸದ್ದಿಗೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂಬುದು ಶ್ರೀಗೌರಿಗೂ ಗೊತ್ತಿತ್ತು. ಆದರೂ ಪಟ್ಟಳು.

ಎಡವಟ್ಟಾಗಿದ್ದು ಹಿಂದಿನ ವಾರ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲೈಟು ಹತ್ತಿಕೊಂಡಿತು. ಪಕ್ಕದ ಮನೆಯ ನರಸಿಂಹಮೂರ್ತಿ ಸರ್ವಿಸಿನಲ್ಲಿದ್ದಷ್ಟು ಕಾಲ ಇಲಾಖೆಯ ಜೀಪಿನಲ್ಲಿ ತಿರುಗಿದವರು. "ಆಯಿಲ್ ಮಂದ ಇದ್ದಷ್ಟೂ ಎಂಜಿನ್ನಿಗೆ ಒಳ್ಳೇದು ಕಣಮ್ಮ. ಟ್ವೆಂಟಿ ಫಿಫ್ಟಿ ಗ್ರೇಡಿಂದು ಹಾಕ್ಸು, ಕಣ್ಣು ಮುಚ್ಚಿ," ಎಂದರು. ತುಪ್ಪವಾಗಲಿ ಹಾಲಾಗಲಿ, ಮಂದವಾಗಿದ್ದರೇ ಒಳ್ಳೆಯದು ಎಂದು ಕಲಿತ ಮನೆಯ ಹುಡುಗಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ತಂದು ಸುರಿದಳು. ಮಾರನೆಯ ದಿನದಿಂದ ಎಂಜಿನ್ ಟಿಕಿಟಿಕಿ ಎಂದು ಕೆಮ್ಮತೊಡಗಿತು, ಅಮ್ಮ ತಟ್ಟೆ ಸರಿಸತೊಡಗಿದರು. ಈಗ ಬರೀ ಹಾಲು ಒಳಗೆ ಹೋಗುತ್ತಿತ್ತು, ಅದೂ ಬೈದರೆ.

ಶ್ರೀಗೌರಿ ಶಾಲೆಗೆ ರಜೆ ಹಾಕಿದಳು. ಆಯಿಲ್ ಅಳೆಯುವ ಕಡ್ಡಿಯಿಂದ ಹನಿ ಹನಿಯಾಗಿ ಒಂದಿಷ್ಟನ್ನು ಔಷಧಿಯ ಖಾಲಿ ಬಾಟಲಿಗೆ ಇಳಿಸಿ, ಮನೆಗೆಲಸದ ಚೌಡಮ್ಮನನ್ನು ಅಮ್ಮನ ಹತ್ತಿರ ಕೂರಿಸಿ, ಭದ್ರಾವತಿಯ ಬಸ್ಸು ಹತ್ತಿದಳು. ಸುಘೋಷನ ಗಾಡಿಯನ್ನು ನೋಡಿಕೊಳ್ಳುತ್ತಿದ್ದ ಮೂರ್ತಪ್ಪನ ಗ್ಯಾರೇಜು ಮುಚ್ಚಿದ ಕಾರ್ಖಾನೆಯ ಖಾಲಿ ಕ್ವಾರ್ಟರ್ಸುಗಳ ಪಕ್ಕದಲ್ಲಿತ್ತು. ಕಿಟಕಿಗಳಿಲ್ಲದ ಆ ಮನೆಗಳ ಒಳಗಿನಿಂದ ಗಿಡಗಳು ಹೊರಗೆ ಇಣುಕುತ್ತಿದ್ದವು.

ಮೂರ್ತಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದ. "ಇದೇನ್ ಮೇಡಂ, ಹೋಟ್ಲಿಂದ ಕಾಫಿ ತಂದ್ರಾ?"

ಅದು ನಿಜಕ್ಕೂ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ನೊರೆಗಟ್ಟಿತ್ತು.

"ಆಯಿಲ್‌ಗೆ ನೀರು ಸೇರಿದೆ. ದಿನಾ ಎಷ್ಟು ದೂರ ಓಡಿಸ್ತೀರಾ?"

"ಓಡಿಸಲ್ಲ. ಸ್ಟಾರ್ಟ್ ಮಾಡಿ ಆಫ್ ಮಾಡ್ತೀನಿ ಅಷ್ಟೆ. ನಿಂತಿರೋ ಗಾಡೀನ ದಿನಾ ಸ್ಟಾರ್ಟ್ ಮಾಡ್ತಿರಿ ಅಂತ ನೀವೇ ಹೇಳಿದ್ರಲ್ಲ."

"ನಾನಾ?" ಮೂರ್ತಪ್ಪ ತಲೆ ಕೆರೆದುಕೊಂಡ. "ಹೇಳಿರ್ತೀನಿ, ಬ್ಯಾಟ್ರಿ ಸಾಯ್ಬಾರ್ದು ಅಂತ. ಇಷ್ಟು ದಿನಾನೂ ಅದನ್ನೇ ಮಾಡ್ತೀರ ಅಂತ ನಂಗೇನ್ ಗೊತ್ತು? ಕಾಯದೇ ಇರೋ ಎಂಜಿನ್ನು ಅನ್ನದ ಪಾತ್ರೆ ಮುಚ್ಚಳ ಇದ್ದಂಗೆ ಮೇಡಂ, ಒಳಗೊಳಗೇ ಬೆವರುತ್ತೆ. ಆ ಬೆವರೆಲ್ಲ ಆಯಿಲ್‌ಗೆ ಇಳಿದಿದೆ. ಸಾಲದ್ದಕ್ಕೆ ಇದರ ಮೇಲೆ ಟ್ವೆಂಟಿ ಫಿಫ್ಟಿ ಬೇರೆ ಸುರಿದಿದೀರಿ."

"ಮಂದ ಇದ್ರೆ ಒಳ್ಳೇದು ಅಂದ್ರು."

"ಲಾರಿಗೆ ಒಳ್ಳೇದು. ಇದರೊಳಗೆ ಸಂದೆಲ್ಲ ಸಣ್ಣ. ಬೆಳಿಗ್ಗೆ ತಂಡೀಲಿ ಆ ಮಂದ ಆಯಿಲ್ ಮೇಲಕ್ಕೆ ಏರೋಷ್ಟ್ರಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿರುತ್ತೆ. ಅದೇ ಕೆಮ್ಮು. ಇದಕ್ಕೆ ಫೈವ್ ಫಾರ್ಟಿ, ಫುಲ್ ಸಿಂಥೆಟಿಕ್ಕು. ನೋಡಕ್ಕೆ ತೆಳ್ಳಗೆ ನೀರಿದ್ದಂಗಿರುತ್ತೆ, ಹೆದರ್ಕೋಬೇಡಿ."

"ಅದನ್ನ ಹಾಕಿದ್ರೆ ಮೊದಲಿನ ಸದ್ದು ಬರುತ್ತಾ?"

ಮೂರ್ತಪ್ಪ ಅವಳ ಮುಖ ನೋಡಿದ. ಮೈಲೇಜು ಕೇಳುವವರನ್ನು, ಪಿಕಪ್ ಕೇಳುವವರನ್ನು ಅವನು ದಿನಾ ಕಾಣುತ್ತಿದ್ದ. "ಬರುತ್ತೆ. ಆದ್ರೆ ಇನ್ಮೇಲೆ ಓಡಿಸ್ಬೇಕು. ಅರ್ಧ ಗಂಟೆನಾದ್ರೂ ರೋಡಲ್ಲಿ ಓಡಿ ಎಂಜಿನ್ ಚೆನ್ನಾಗಿ ಕಾದ್ರೆ ನೀರೆಲ್ಲ ಆವಿಯಾಗಿ ಹೋಗುತ್ತೆ. ಇಲ್ದಿದ್ರೆ ಚಿನ್ನದಂಥ ಆಯಿಲ್ ಹಾಕಿದ್ರೂ ಎಂಜಿನ್ನು ಈ ಮಳೆಗಾಲ ದಾಟಲ್ಲ. ಯಾರಿಗಾದ್ರೂ ಕೊಟ್ಬಿಡಿ ಮೇಡಂ. ಸುಘೋಷ್ ಸರ್ರೇ ಇಲ್ಲ, ಗಾಡಿ ಇಟ್ಕೊಂಡು ಏನ್ ಮಾಡ್ತೀರಾ?"

"ಅಮ್ಮ ಊಟ ಮಾಡ್ಬೇಕಲ್ಲ," ಎಂದಳು. ಅವನಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಬೇಕಾಯಿತು. ಹೊರಗಿನವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಹೇಳುತ್ತ ಹೇಳುತ್ತ ಅವಳಿಗೇ ಅದು ಹುಚ್ಚರ ಮನೆಯ ಕಥೆಯಂತೆ ಕೇಳಿಸಿತು. ಮೂರ್ತಪ್ಪ ನಗಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತವನು, "ನಾಳೆ ಬೆಳಿಗ್ಗೆ ಬರ್ತೀನಿ," ಎಂದ.

ಹೇಳಿದಂತೆ ಬಂದ. ಕಾಫಿಬಣ್ಣದ ಆಯಿಲನ್ನೆಲ್ಲ ಬಸಿದು, ಫಿಲ್ಟರ್ ಬದಲಿಸಿ, ಹೊಸದನ್ನು ಸುರಿದ. ಜೇನುಬಣ್ಣದ ಅದು ಎಷ್ಟು ತೆಳ್ಳಗಿತ್ತೆಂದರೆ, ಮೋಸ ಹೋದೆನೇನೋ ಎಂದು ಶ್ರೀಗೌರಿಗೆ ಒಂದು ಕ್ಷಣ ಅನುಮಾನವಾಯಿತು. ಮೊದಲ ಸಲ ಎಂಜಿನ್ ಸ್ವಲ್ಪ ಟಿಕಿಗುಟ್ಟಿತು. ಆಮೇಲೆ ಕೆಮ್ಮು ಕರಗಿ, ಶೆಡ್ಡಿನ ತಗಡು ನಡುಗುವ ಆ ಹಳೆಯ ಗುಡುಗು ಎದ್ದಿತು.

"ಅಂತೂ ಹೊರಟ," ಎಂದರು ಅಮ್ಮ ಒಳಗಿನಿಂದ. "ಎಷ್ಟೊತ್ತು ಮಾಡ್ದ ಇವತ್ತು! ಬಡಿಸು, ಹೊಟ್ಟೆ ಚುರುಗುಟ್ತಿದೆ."

ಮೂರು ದೋಸೆ ತಿಂದರು. ಶ್ರೀಗೌರಿ ಕಾವಲಿಯ ಮುಂದೆ ನಿಂತು ಸದ್ದಿಲ್ಲದೆ ಅತ್ತಳು; ಅದು ಸಂತೋಷಕ್ಕೇ. ಹೊರಡುವಾಗ ಮೂರ್ತಪ್ಪ ಇನ್ನೊಮ್ಮೆ ಎಚ್ಚರಿಸಿದ, "ಓಡಿಸ್ಬೇಕು, ಮರೀಬೇಡಿ."

ಅವಳಿಗೆ ಲೈಸೆನ್ಸ್ ಇತ್ತು. ಆದರೆ ಈ ಕಾರನ್ನು ಸುಘೋಷ ಯಾರ ಕೈಗೂ ಕೊಟ್ಟವನಲ್ಲ, ಅಕ್ಕನಿಗಂತೂ ಕೊಡುವುದೇ ಇಲ್ಲ ಎಂದು ರೇಗಿಸುತ್ತಿದ್ದ. ಭಾನುವಾರ ಚೌಡಮ್ಮ ಬಂದ ಮೇಲೆ ಶೆಡ್ಡಿನ ಬಾಗಿಲು ಪೂರ್ತಿ ತೆರೆದಳು. ಸೀಟು ಅವನ ಉದ್ದ ಕಾಲಿನ ಅಳತೆಯಲ್ಲೇ ಇತ್ತು. ಅದನ್ನು ಮುಂದಕ್ಕೆ ಎಳೆಯಲು ಮನಸ್ಸು ಬಾರದೆ ಸ್ವಲ್ಪ ಹೊತ್ತು ಕೂತಳು, ಕೊನೆಗೆ ಎಳೆದಳು.

ಗಾಜನೂರು ದಾಟುವವರೆಗೆ ರಸ್ತೆಯ ಅಂಚು ಹಿಡಿದು ನಿಧಾನವಾಗಿ ಓಡಿಸಿದಳು. ದಾಟಿದ ಮೇಲೆ ರಸ್ತೆ ಖಾಲಿಯಾಗಿ, ತುಂಗೆಯ ನೀರು ಮರಗಳ ನಡುವೆ ಕಂಡು ಮರೆಯಾಗತೊಡಗಿತು. ಕಾಲನ್ನು ಸ್ವಲ್ಪವೇ ಒತ್ತಿದರೂ ಕಾರು ಮುಂದಕ್ಕೆ ಜಿಗಿಯುತ್ತಿತ್ತು. ಸಕ್ರೆಬೈಲಿನಲ್ಲಿ ಆನೆಗಳನ್ನು ನೋಡಲು ನಿಂತಿದ್ದವರು ತಿರುಗಿ ಇವಳ ಗಾಡಿಯ ಫೋಟೋ ತೆಗೆದರು. ಆ ಅರ್ಧ ಗಂಟೆ ಶ್ರೀಗೌರಿಗೆ ಅಮ್ಮನ ನೆನಪೂ ಆಗಲಿಲ್ಲ, ತಮ್ಮನದೂ ಆಗಲಿಲ್ಲ. ಮರಳಿ ತನ್ನ ಬೀದಿಗೆ ತಿರುಗಿದಾಗ ಅದಕ್ಕಾಗಿ ನಾಚಿಕೆಯಾಯಿತು.

ಗೇಟಿನಲ್ಲಿ ಅಮ್ಮ ನಿಂತಿದ್ದರು.

ಚೌಡಮ್ಮ ಅವರ ರಟ್ಟೆ ಹಿಡಿದುಕೊಂಡಿದ್ದಳು. "ಗಾಡಿ ಬಂದ ಸದ್ದು ಕೇಳಿ ಎದ್ದೇಬಿಟ್ರು ಕಣಕ್ಕ. ಮಗ ಬಂದ ಅಂತಾರೆ. ಎಷ್ಟು ಹೇಳಿದ್ರೂ ಕೇಳಲಿಲ್ಲ."

ಇದು ಶ್ರೀಗೌರಿಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಅಮ್ಮ ಕೇಳಿದ್ದು ಮಗ ಹೊರಡುವ ಸದ್ದನ್ನು ಮಾತ್ರ. ಇವತ್ತು ಗಾಡಿ ಮರಳಿ ಬಂದಿತ್ತು. ಎಂಜಿನ್ ನಿಲ್ಲಿಸಿ ಕೆಳಗಿಳಿದಳು. ಅಮ್ಮ ಅವಳನ್ನು ದಾಟಿ ಹೋಗಿ ಬಗ್ಗಿ ಒಳಗೆ ನೋಡಿದರು. ಇದ್ದದ್ದು ಎರಡೇ ಸೀಟು. ಎರಡನ್ನೂ ಕೈಯಿಂದ ಮುಟ್ಟಿ ನೋಡಿದರು.

"ಅವನೆಲ್ಲಿ?"

ಆಫೀಸಿನಲ್ಲಿ, ಪೇಟೆಯಲ್ಲಿ, ಹಿಂದಿನಿಂದ ನಡೆದು ಬರುತ್ತಿದ್ದಾನೆ. ಎಲ್ಲ ಸುಳ್ಳುಗಳೂ ನಾಲಿಗೆಯ ಮೇಲೆ ಸಿದ್ಧವಾಗಿದ್ದವು. ಆದರೆ ಅವನ ಸೀಟಿನಿಂದ ಈಗ ತಾನೆ ಎದ್ದುಬಂದವಳಿಗೆ ಅವು ಯಾವುವೂ ಹೊರಡಲಿಲ್ಲ.

"ಇಲ್ಲಮ್ಮ. ಅವನು ಇಲ್ಲ."

"ಯಾವಾಗ?"

"ಎರಡು ವರ್ಷ ಆಯ್ತು."

ಈಗ ಅಳು ಬರುತ್ತದೆ ಎಂದು ಶ್ರೀಗೌರಿ ಕಾದಳು. ಬರಲಿಲ್ಲ. ಅಮ್ಮ ತಿರುಗಿ, ಚೌಡಮ್ಮನ ಕೈ ಬಿಡಿಸಿಕೊಂಡು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ನೀರಿನ ಸದ್ದು ಕೇಳಿತು. ಓಡಿ ಹೋಗಿ ನೋಡಿದರೆ ಅಮ್ಮ ಉಟ್ಟ ಸೀರೆಯಲ್ಲೇ ಮಣೆಯ ಮೇಲೆ ಕೂತು ತಲೆಯ ಮೇಲೆ ಚೊಂಬು ಚೊಂಬು ನೀರು ಸುರಿದುಕೊಳ್ಳುತ್ತಿದ್ದರು. ಬಿಳಿ ಕೂದಲು ಕೆನ್ನೆಗೆ ಅಂಟಿತ್ತು.

"ಚಳಿಯಾಗುತ್ತಮ್ಮ. ಬಿಸಿನೀರು ಕೊಡ್ತೀನಿ ತಡಿ."

"ಬೇಡ. ಇದಕ್ಕೆ ತಣ್ಣೀರೇ ಆಗ್ಬೇಕು." ದನಿ ಹಳೆಯ ದಿನಗಳದು, ಮಡಿ ಮೈಲಿಗೆಯ ಪಾಠ ಹೇಳುತ್ತಿದ್ದ ಯಜಮಾನ್ತಿಯದು. "ನೀನು ಮಾಡಿದ್ಯಾ?"

"ಏನಮ್ಮ?"

"ಸ್ನಾನ. ಒಡಹುಟ್ಟಿದವನು ಹೋಗಿದಾನೆ, ಹಂಗೇ ನಿಂತಿದೀಯಲ್ಲ."

ನಾಳೆ ಬೆಳಿಗ್ಗೆ ಇದೊಂದೂ ನೆನಪಿರುವುದಿಲ್ಲ. ತಟ್ಟೆಯ ಮುಂದೆ ಕೂತು ಮತ್ತೆ ಗಾಡಿಯ ಸದ್ದಿಗೆ ಕಿವಿಗೊಡುತ್ತಾರೆ. ಅದು ಶ್ರೀಗೌರಿಗೆ ಗೊತ್ತಿತ್ತು. ಆದರೂ ಬಚ್ಚಲಿನ ಒಳಗೆ ಹೋಗಿ ಅಮ್ಮನ ಕಾಲ ಬಳಿ ಒದ್ದೆ ಕಲ್ಲಿನ ಮೇಲೆ ಕೂತಳು. ಅಮ್ಮ ಒಂದು ಕೈಯಲ್ಲಿ ಅವಳ ಜಡೆ ಬಿಚ್ಚಿ, ಇನ್ನೊಂದು ಕೈಯಲ್ಲಿ ಚೊಂಬನ್ನು ಹಂಡೆಗೆ ಅದ್ದಿದರು.