ಎಡಗಡೆಯ ಬ್ರೇಕು

ನಾನು ಒಂದು ಬಿಳಿ ಬಣ್ಣದ ಪುಟ್ಟ ಕಾರು. ಮುಖ ನೋಡಿ ಮನುಷ್ಯರನ್ನು ಅಳೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅಂಗಾಲಿನಿಂದ ಅಳೆಯುತ್ತೇನೆ. ಉತ್ತರದ ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ಲಾರಿ ಏರಿ ವಿಜಯಪುರಕ್ಕೆ ಬಂದೆ. ಮೊದಲ ಯಜಮಾನರು ಹಲ್ಲಿನ ಡಾಕ್ಟರು. ಆರು ವರ್ಷ ಅವರು ಕ್ಲಚ್ಚಿನ ಮೇಲಿಂದ ಬೂಟು ಎತ್ತಲೇ ಇಲ್ಲ. ಊರವರ ಹಲ್ಲು ಕಿತ್ತರು, ನನ್ನ ಕ್ಲಚ್ ಪ್ಲೇಟು ಸವೆಸಿದರು.

ಆಮೇಲೆ ಬಾಗಲಕೋಟೆಯ ನವನಗರದ ಡ್ರೈವಿಂಗ್ ಸ್ಕೂಲಿಗೆ ಬಂದೆ. ಕಲಿಯುವವರು ತಪ್ಪಿದರೆ ಕಲಿಸುವವರು ಒತ್ತಲಿಕ್ಕೆಂದು ಮೆಕ್ಯಾನಿಕ್ಕು ಎಡಗಡೆಯ ಸೀಟಿನ ಮುಂದೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಜೋಡಿಸಿದ. ಆ ಸೀಟಿನಲ್ಲಿ ಕೂತವರು ಅಡಿವೆಪ್ಪ ಮಾಸ್ತರರು, ತತ್ವಶಾಸ್ತ್ರದಲ್ಲಿ ಎಂ.ಎ. ಹುಡುಗರೇ ಬಾರದೆ ಕಾಲೇಜಿನಲ್ಲಿ ಆ ವಿಭಾಗ ಮುಚ್ಚಿದಾಗ ಅವರು ತಮ್ಮ ತತ್ವವನ್ನು ತಂದು ನನ್ನೊಳಗೆ ಕೂರಿಸಿದರು.

ಕಲಿಯಲು ಬಂದವರು ಮನೆಯ ತಾಪತ್ರಯವನ್ನೂ ಜೊತೆಗೇ ತರುತ್ತಿದ್ದರು. ಬೇಡದ ಊರಿಗೆ ವರ್ಗವಾದ ಗುಮಾಸ್ತನಿಗೆ ಮಾಸ್ತರರು, "ವರ್ಗಾವರ್ಗಿ ನಿನ್ನ ಹಿಡಿತದಾಗ ಐತೇನು? ಇಲ್ಲ. ಸ್ಟೀಯರಿಂಗ್ ಐತಿ. ಅದನ್ನ ಹಿಡಿ," ಎಂದರು. ಗೋಡೆಯ ಜಗಳಕ್ಕೆ ಅಣ್ಣನ ಜೊತೆ ಮಾತು ಬಿಟ್ಟವನಿಗೆ ರಿವರ್ಸ್ ಹಾಕಿಸಿ, ಈಗ ಅಣ್ಣನ ಪರವಾಗಿ ವಾದ ಮಾಡು ಎಂದರು. ಅವನು ಹಿಂದಕ್ಕೆ ಹೋಗುತ್ತ ಹೋಗುತ್ತ ಅತ್ತೇಬಿಟ್ಟ.

ಕಾಶೀಬಾಯಿ ಕಡಕ್ ರೊಟ್ಟಿ ಸಂಘದವಳು. ಹದಿನೆಂಟು ವರ್ಷ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದಳು. ಖಾನಾವಳಿಗಳಿಗೆ ರೊಟ್ಟಿ ಸಾಗಿಸಲು ಸಂಘಕ್ಕೆ ಸಣ್ಣ ವ್ಯಾನು ಬಂದಾಗ, ಅದನ್ನು ನಾನೇ ಓಡಿಸುತ್ತೇನೆ ಎಂದು ಎಲ್ಲರೆದುರು ಹೇಳಿ ಬಂದಿದ್ದಳು. ಹೊಗೆಯಿಂದ ಹೊರಬರಲು ಅವಳಿಗೆ ಇದ್ದದ್ದು ಅದೊಂದೇ ದಾರಿ.

ಎರಡು ಸಲ ಲೈಸನ್ಸಿನ ಪರೀಕ್ಷೆಗೆ ಹೋದಳು, ಎರಡು ಸಲವೂ ಫೇಲು. ಮೊದಲ ಸಲ ನಿಲ್ಲಬೇಕಾದ ಗೆರೆ ದಾಟಿ ಹೋದೆವು. ಎರಡನೆಯ ಸಲ ದಿಬ್ಬದ ಮೇಲೆ ಹಿಂದಕ್ಕೆ ಜಾರಿದೆವು. ನೋಡುತ್ತ ನಿಂತ ಗಂಡಸರು ಹಲ್ಲು ಕಿಸಿದರು. ಇನ್ನೊಮ್ಮೆ ಫೇಲಾದರೆ ಎರಡು ತಿಂಗಳು ಕಾಯಬೇಕು. "ಅಲ್ಲೀತನಾ ಗಾಡಿ ನಿಂದ್ರಸಾಕ ಆಗಂಗಿಲ್ಲವಾ. ನನ್ನ ತಮ್ಮಗ ಕೊಡ್ತೀವಿ, ನೀ ಒಲಿ ಮುಂದ ಕುಂಡ್ರು," ಎಂದು ಸಂಘದ ಅಧ್ಯಕ್ಷೆ ನೀಲಗಂಗವ್ವ ಹೇಳಿಯೇಬಿಟ್ಟಳು.

"ನಗೋದು ಅವ್ರ ಕೆಲಸ, ಕ್ಲಚ್ ಬಿಡೋದು ನಿನ್ನ ಕೆಲಸ," ಎಂದರು ಮಾಸ್ತರರು. "ಅಳಬ್ಯಾಡ. ಯಾಕ ಸೋತೆ ಅಂತ ವಿಚಾರ ಮಾಡು."

ಅವಳು ನಿಜಕ್ಕೂ ವಿಚಾರ ಮಾಡಿದಳು. ಮಾಸ್ತರರಿಗೆ ಅದೇ ಮುಳುವಾಯಿತು. ಮರುದಿನ ಬೆಳಿಗ್ಗೆ ಎಮ್ಮೆಯೊಂದು ರಸ್ತೆಗೆ ಅಡ್ಡ ಬಂತು. ನಾನು ನಿಂತೆ. ಕಾಶೀಬಾಯಿ ಎಮ್ಮೆಯನ್ನು ಬಿಟ್ಟು, ಬಗ್ಗಿ ಮಾಸ್ತರರ ಕಾಲು ನೋಡಿದಳು.

"ಬ್ರೇಕ್ ಹಾಕಿದಾವ್ರು ಯಾರ್ರಿ?"

"ನೀನ ಹಾಕಿದಿ."

"ನಾ ಇನ್ನೂ ಕಾಲ ಇಟ್ಟಿರಲಿಲ್ರಿ."

ಮಾಸ್ತರರು ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡರು. ನನಗೆ ಮೊದಲಿನಿಂದ ಗೊತ್ತಿತ್ತು, ಹೇಳಲು ಬಾಯಿ ಇರಲಿಲ್ಲ. ಕಲಿಯುವವರ ಕಾಲು ಅಲುಗುವ ಮೊದಲೇ ಎಡಗಡೆಯ ಬ್ರೇಕು ಕೆಳಗಿಳಿದಿರುತ್ತಿತ್ತು, ಅದೂ ವರ್ಷಗಟ್ಟಲೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಹಾಗೆ.

"ದಿನಾ ಹಿಡಿತ ಹಿಡಿತ ಅಂತೀರಿ. ನನ್ನ ಕಾಲು ಯಾರ ಹಿಡಿತದಾಗ ಐತ್ರಿ? ಪರೀಕ್ಷೆದಾಗ ಬ್ರೇಕು ತಾನ ಬೀಳ್ತೈತಿ ಅಂತ ಕಾಯ್ಕೊಂತ ಕುಂತಿದ್ದೆ, ನನಗ ಗೊತ್ತಿಲ್ಲದಂಗ."

"ಎಲ್ಲಿ ಏನು ಹಾಯಸ್ತಾರೋ ಅಂತ ಅಂಜಿಕಿ," ಎಂದರು ಮಾಸ್ತರರು ಸಣ್ಣ ದನಿಯಲ್ಲಿ.

"ಅಂಜಿಕಿ ನಿಮ್ಮದು. ಫೇಲಾದಾಕಿ ನಾನು."

ಮಾಸ್ತರರು ವಾದ ಮಾಡಲಿಲ್ಲ. ಅದು ಅವರ ದೊಡ್ಡತನ. ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಮುಗ್ಗರಿಸಿದೆ, ಕೆಮ್ಮಿದೆ, ನಡುರಸ್ತೆಯಲ್ಲಿ ಉಸಿರು ಬಿಟ್ಟೆ. ಮಾಸ್ತರರು ಎರಡೂ ಕೈಯಿಂದ ಮೊಣಕಾಲು ಬಿಗಿಹಿಡಿದು ಬೆವರುತ್ತಿದ್ದರು. ಬಲಗಡೆ ಒಬ್ಬಳು ಕಲಿಯುತ್ತಿದ್ದರೆ ಎಡಗಡೆ ಒಬ್ಬರು ಕಲಿಯುತ್ತಿದ್ದರು. ನನಗೆ ಇಬ್ಬರ ಮೇಲೂ ಪ್ರೀತಿ ಉಕ್ಕಿತು.

ಮೂರನೆಯ ಪರೀಕ್ಷೆ. ಎಡಗಡೆ ಪರೀಕ್ಷೆ ಮಾಡುವ ಆರ್‌ಟಿಓ ಸಾಹೇಬರು, ಅವರ ಬೂಟು ಬ್ರೇಕಿನಿಂದ ದೂರ, ಸೀಟಿನಡಿಯಲ್ಲಿ. ದಿಬ್ಬದ ನಡುವೆ ನಿಂತು ಮತ್ತೆ ಹೊರಡಬೇಕು. ನಾನು ಹಿಂದಕ್ಕೆ ಒಂದು ಬೆರಳಿನಷ್ಟು ಜಾರಿದೆ. ಹಿಂದೆ ಯಾರೋ ನಕ್ಕರು. ಆಗ ಅವಳ ಬರಿಗಾಲು ಬ್ರೇಕಿನ ಮೇಲೆ ಬಂತು, ಅವಳದೇ ಕಾಲು, ಗಟ್ಟಿಯಾಗಿ. ಕ್ಲಚ್ಚು ನಿಧಾನವಾಗಿ ಅರ್ಧಕ್ಕೆ ಎದ್ದಿತು. ನಾನು ಗುರ್ ಎಂದು ದಿಬ್ಬ ಏರಿದೆ. ಇಳಿದು ಗೆರೆಯ ಬಳಿ ಬಂದು, ಗೆರೆ ದಾಟದೆ ನಿಂತೆ. ಕಾರಿಗೆ ಕುಣಿಯಲು ಬರುವುದಿಲ್ಲ. ಬಂದಿದ್ದರೆ ಅಲ್ಲೇ ಕುಣಿಯುತ್ತಿದ್ದೆ.

"ಯಾರವಾ ಕಲಿಸಿದಾವ್ರು?" ಎಂದರು ಸಾಹೇಬರು, ಸಹಿ ಹಾಕುತ್ತ.

"ಅಡಿವೆಪ್ಪ ಮಾಸ್ತರ್ರಿ. ಕಾಲ ತಗದ ಮ್ಯಾಲೆ ಭಾಳ ಚಲೋ ಕಲಿಸಿದ್ರು."

ಲೈಸನ್ಸು ಕೈಗೆ ಬಂದ ದಿನವೇ ಅವಳು ವ್ಯಾನಿನಲ್ಲಿ ರೊಟ್ಟಿ ತುಂಬಿಕೊಂಡು ಜಮಖಂಡಿಗೆ ಹೋಗಿ ಬಂದಳು.

ಈಗ ನನಗೆ ರಸ್ತೆಗಿಳಿಯುವ ವಯಸ್ಸು ಮುಗಿದಿದೆ. ಗುಜರಿಗೆ ಹೋಗಬೇಕಿದ್ದ ನನ್ನನ್ನು ಕಾಶೀಬಾಯಿ ಕೇಳಿ ತಂದು ಸಂಘದ ಹಿತ್ತಲಿನಲ್ಲಿ ಇಟ್ಟುಕೊಂಡಿದ್ದಾಳೆ. ರೊಟ್ಟಿ ಬಡಿಯುವವರಲ್ಲಿ ನಾಲ್ವರು ನನ್ನೊಳಗೇ ಕಲಿತರು. ಹೋದ ವಾರ ನೀಲಗಂಗವ್ವನೇ ಬಂದು ಸ್ಟೀಯರಿಂಗ್ ಹಿಡಿದಳು. ಎಡಗಡೆ ಕಾಶೀಬಾಯಿ. ಹಿತ್ತಲ ಗೋಡೆ ಮೆಲ್ಲಗೆ ಹತ್ತಿರ ಬಂತು. ಕಾಶೀಬಾಯಿಯ ಕಾಲು ಬ್ರೇಕಿನ ಮೇಲೆ ಬಂದು ಕೂತದ್ದು ನನಗೆ ತಿಳಿಯಿತು. ಅದು ಒತ್ತಲಿಲ್ಲ, ಎದ್ದು ಹೋಯಿತು. ನೀಲಗಂಗವ್ವ ತಾನೇ ಬ್ರೇಕು ಒತ್ತಿದಳು, ಸ್ವಲ್ಪ ತಡವಾಗಿ. ಬಂಪರು ನೆಗ್ಗಿತು. ಅದನ್ನು ಯಾರೂ ಸರಿಮಾಡಿಸಿಲ್ಲ, ಮಾಡಿಸುವುದು ನನಗೂ ಬೇಡ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಪದಕ ಅದೊಂದೇ.